ಬ್ರೆಡ್‌ಬೋರ್ಡ್ ಡಿಸ್ಟಾರ್ಷನ್ ಪೆಡಲ್: ವೋಲ್ಟೇಜ್ ಎಲ್ಲ ಸರಿ ಇದೆ, ಸದ್ದು ಮಾತ್ರ ಬರೀ ಗುಂಯ್

ಸಿರಾಗೇಟ್ ಗಿಟಾರ್, ತುಮಕೂರು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ದೊಡ್ಡ 830 ತೂತಿನ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತೂತಿಗೆ ಚುಚ್ಚಿ ಕಟ್ಟುವ ಹಲಗೆ) ಮೇಲೆ, ಗಿಟಾರ್ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಕಟ್ಟುತ್ತಿದ್ದೇನೆ. ಟಿಎಲ್072 ಐಸಿ, ಒಳಗೆ ಎರಡು ಆಂಪ್ಲಿಫೈಯರ್ ಇರೋದು, ಅದರಲ್ಲಿ ಒಂದು ಅರ್ಧ ಮಾತ್ರ ಬಳಸಿದ್ದೇನೆ. ಗಿಟಾರ್ ಸಿಗ್ನಲ್ ಇನ್‌ಪುಟ್ ಕೆಪಾಸಿಟರ್ ದಾಟಿ ಪಿನ್ 3ಕ್ಕೆ ಬರುತ್ತದೆ, ಅಲ್ಲಿಗೆ 1 ಮೆಗ್ ರೆಸಿಸ್ಟರ್ ಮೂಲಕ ಬ್ಯಾಟರಿಯ ಅರ್ಧ ವೋಲ್ಟೇಜ್ (ಬಯಾಸ್) ಕೊಟ್ಟಿದ್ದೇನೆ. ಫೀಡ್‌ಬ್ಯಾಕ್‌ಗೆ 470ಕೆ ರೆಸಿಸ್ಟರ್, ಪಿನ್ 2ರಿಂದ ಗ್ರೌಂಡ್‌ಗೆ ಸಾಲಾಗಿ 4.7ಕೆ ಮತ್ತು 47 ನ್ಯಾನೋ ಕೆಪಾಸಿಟರ್. ಔಟ್‌ಪುಟ್‌ನಲ್ಲಿ 1 ಮೈಕ್ರೋ, 10ಕೆ, ಆಮೇಲೆ ಗ್ರೌಂಡ್‌ಗೆ ಎದುರುಬದುರು ಎರಡು 1ಎನ್4148 ಡಯೋಡ್. ಕೊನೆಗೆ 100ಕೆ ವಾಲ್ಯೂಮ್ ಪಾಟ್. 9 ವೋಲ್ಟಿನ ಚೌಕ ಬ್ಯಾಟರಿ.

ಆಂಪ್‌ನಲ್ಲಿ ಬರೋದು ದೊಡ್ಡ ಗುಂಯ್ ಸದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಸೊಳ್ಳೆ ಥರ ಗಿಟಾರ್ ಕೇಳುತ್ತದೆ. ತಂತಿ ಮುಟ್ಟಿದರೆ ಗುಂಯ್ ಇನ್ನೂ ಜಾಸ್ತಿ. ಸಂಜೆ ಮೇಲೆ ಯಾರೋ ಕನ್ನಡದಲ್ಲಿ ಮಾತಾಡಿದ ಹಾಗೂ ಕೇಳುತ್ತದೆ, ತಮಾಷೆ ಅಲ್ಲ!

ಮೀಟರ್ ಇಟ್ಟು ನೋಡಿದ್ದು: ಪಿನ್ 8ರಲ್ಲಿ 8.9, ಪಿನ್ 4ರಲ್ಲಿ 0, ಪಿನ್ 1ರಲ್ಲಿ 4.4, ಪಿನ್ 3ರಲ್ಲಿ 2.2. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್‌ಗೆ ಇಟ್ಟಿದ್ದೆ. ಐಸಿ ಎರಡು ಸಲ ಬದಲಾಯಿಸಿದ್ದಾಯ್ತು. ಇನ್ನೊಂದಕ್ಕಾಗಿ ಮತ್ತೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲು ಹತ್ತೋಕೆ ಮನಸ್ಸಿಲ್ಲ.

ಚಿಂತಾಮಣಿ ಚಿಪ್

ಬ್ರೋ, ಪಿನ್ 3ರಲ್ಲೇ ತಪ್ಪಿದೆ. ಅಲ್ಲಿ ಬ್ಯಾಟರಿಯ ಅರ್ಧ, ಅಂದ್ರೆ 4.4 ಇರಬೇಕು. 2.2 ಇದೆ ಅಂದ್ರೆ ಬಯಾಸ್ ಹೋಗಿದೆ. 1 ಮೆಗ್ ರೆಸಿಸ್ಟರ್ ಬದಲಾಯಿಸಿ ನೋಡು.

ಹಳೇ ರೇಡಿಯೋ, ಕೋಲಾರ

ರೆಸಿಸ್ಟರ್ ಕೀಳಬೇಡ ತಮ್ಮಾ. ನಿನ್ನದು ಹಳದಿ ಬಣ್ಣದ ಅಗ್ಗದ ಮೀಟರ್ ಅಲ್ವಾ, 830 ಅಂತ ಬರೆದಿರೋದು? ಅದರ ಒಳಗಿನ ರೆಸಿಸ್ಟೆನ್ಸ್ 1 ಮೆಗ್ ಅಷ್ಟೇ. ನಿನ್ನ ಬಯಾಸ್ ರೆಸಿಸ್ಟರೂ 1 ಮೆಗ್. ಪ್ರೋಬ್ ಇಟ್ಟ ಕ್ಷಣ ಎರಡೂ ಸೇರಿ ವೋಲ್ಟೇಜನ್ನು ಸರಿಯಾಗಿ ಅರ್ಧ ಹಂಚಿಕೊಳ್ಳುತ್ತವೆ. 4.4ರ ಅರ್ಧ 2.2. ಸುಳ್ಳು ಹೇಳ್ತಿರೋದು ಮೀಟರ್. 10 ಮೆಗ್‌ನ ಮೀಟರ್ ಆಗಿದ್ದರೆ 4ರ ಹತ್ತಿರ ತೋರಿಸುತ್ತಿತ್ತು. ಪಿನ್ 1 ನೋಡು, 4.4 ಇದೆ. ಹಾಗಾದರೆ ಬಯಾಸ್ ಚೆನ್ನಾಗಿಯೇ ಇದೆ, ಐಸಿಯೂ ಬದುಕಿದೆ.

ನನಗೆ ಅನುಮಾನ ಬಂದಿರೋದು ನೀನು ಹೇಳಿದ ಇನ್ನೊಂದು ಮಾತಿನ ಮೇಲೆ. ತಂತಿ ಮುಟ್ಟಿದರೆ ಗುಂಯ್ ಕಡಿಮೆ ಆಗಬೇಕು. ನಿನಗೆ ಜಾಸ್ತಿ ಆಗ್ತಿದೆ. ಅಂದ್ರೆ ಗಿಟಾರಿನ ಗ್ರೌಂಡ್ ಬೇರೆ, ಆಂಪಿನ ಗ್ರೌಂಡ್ ಬೇರೆ ಆಗಿ ಕೂತಿವೆ. ಇನ್‌ಪುಟ್ ಜ್ಯಾಕ್ ಬೋರ್ಡಿನ ಎಡಗಡೆ, ಔಟ್‌ಪುಟ್ ಜ್ಯಾಕ್ ಬಲಗಡೆ ಇದೆಯಾ? ಬೋರ್ಡಿನ ಅಂಚಿನ ನೀಲಿ ಗೆರೆ ನಡುವೆ ತುಂಡಾಗಿದೆಯಾ ಅಂತ ಕಣ್ಣಿಟ್ಟು ನೋಡು. ಆಮೇಲೆ ಮೀಟರನ್ನು ಬೀಪ್‌ಗೆ (ಸಂಪರ್ಕ ಇದ್ದರೆ ಸದ್ದು ಮಾಡೋದು) ಹಾಕಿ, ಬ್ಯಾಟರಿ ತೆಗೆದು, ಒಂದು ಪ್ರೋಬ್ ಇನ್‌ಪುಟ್ ಜ್ಯಾಕಿನ ಸ್ಲೀವ್‌ಗೆ, ಅಂದ್ರೆ ಗ್ರೌಂಡ್ ಭಾಗಕ್ಕೆ, ಇನ್ನೊಂದು ಔಟ್‌ಪುಟ್ ಜ್ಯಾಕಿನ ಸ್ಲೀವ್‌ಗೆ ಇಡು.

ಸಿರಾಗೇಟ್ ಗಿಟಾರ್

ಬೀಪ್ ಇಲ್ಲ! ಸರ್, ನೀಲಿ ಗೆರೆ ನಡುವೆ ಒಂದು ಬೆರಳಷ್ಟು ಖಾಲಿ ಇದೆ. ಇಷ್ಟು ದಿನ ಅದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಡಯೋಡ್, ವಾಲ್ಯೂಮ್ ಪಾಟ್, ಔಟ್‌ಪುಟ್ ಜ್ಯಾಕ್ ಮೂರೂ ಬಲಗಡೆಯ ಅರ್ಧದಲ್ಲಿವೆ. ಬ್ಯಾಟರಿ ಎಡಗಡೆ.

ಹಳೇ ರೇಡಿಯೋ, ಕೋಲಾರ

ಗೆರೆ ತುಂಡಾದ ಕಡೆ ಒಳಗಿನ ಸಂಪರ್ಕವೂ ತುಂಡು. ಅದಕ್ಕೇ ವೋಲ್ಟೇಜ್ ಎಲ್ಲ ಸರಿ ಬಂದಿದ್ದು. ನೀನು ಅಳೆದಿದ್ದು ಪೂರ್ತಿ ಎಡಗಡೆಯ ಊರನ್ನು. ಕೆಂಪು ಗೆರೆಗೊಂದು, ನೀಲಿ ಗೆರೆಗೊಂದು ಗಿಡ್ಡ ತಂತಿ ಹಾಕಿ ಸೇತುವೆ ಮಾಡು. ಉದ್ದ ಬೋರ್ಡುಗಳಲ್ಲಿ ಎಷ್ಟೋ ಹೀಗೇ ಬರುತ್ತವೆ. ಹೊಸ ಬೋರ್ಡ್ ತಂದ ದಿನವೇ ಬೀಪ್ ಹಾಕಿ ನೋಡೋದು ನನ್ನ ಅಭ್ಯಾಸ.

ಸಿರಾಗೇಟ್ ಗಿಟಾರ್

ಬಂತು ಸರ್, ಬಂತು! ಇ ಪವರ್ ಕಾರ್ಡ್ ಹೊಡೆದರೆ ಕಿಟಕಿ ಗಾಜು ಅದುರುತ್ತಿದೆ. ಆದ್ರೆ ಆ ಮಾತು ಹೋಗಿಲ್ಲ. ಗಿಟಾರ್ ಬಾರಿಸದೆ ಸುಮ್ನೆ ಕೂತರೆ ಈಗ ವಾರ್ತೆ ಸ್ಪಷ್ಟವಾಗಿ ಕೇಳುತ್ತದೆ.

ಚಿಂತಾಮಣಿ ಚಿಪ್

ಅದು ಬೆಂಗಳೂರು ಆಕಾಶವಾಣಿ ಇರಬೇಕು, ಮಧ್ಯಮ ತರಂಗಾಂತರ 612 ಕಿಲೋಹರ್ಟ್ಸ್. ನಿನ್ನ ಉದ್ದುದ್ದ ಜಂಪರ್ ತಂತಿಗಳೇ ಆಂಟೆನಾ. ಗೇನ್, ಅಂದ್ರೆ ಸಿಗ್ನಲ್ ಹಿಗ್ಗಿಸೋ ಪಟ್ಟು, ನೂರರ ಮೇಲಿದೆ (470ಕೆ ಭಾಗಿಸು 4.7ಕೆ, ಜೊತೆಗೊಂದು), ರೇಡಿಯೋ ಅಲೆಯಿಂದ ಮಾತು ಬೇರ್ಪಡಿಸೋ ಡಿಟೆಕ್ಟರ್ ಕೆಲಸವನ್ನು ಐಸಿಯೇ ಮಾಡ್ತಿದೆ. ಇನ್‌ಪುಟ್ ಕೆಪಾಸಿಟರ್ ಮತ್ತು ಪಿನ್ 3ರ ನಡುವೆ 10ಕೆ ಹಾಕು. ಪಿನ್ 3ರಿಂದ ಗ್ರೌಂಡ್‌ಗೆ 100 ಪೈಕೋ, ಕಾಲು ಗಿಡ್ಡ ಕತ್ತರಿಸಿ ಹಾಕು. ಸುಮಾರು 159 ಕಿಲೋಹರ್ಟ್ಸ್ ಮೇಲಿನದೆಲ್ಲ ಇಳಿದುಹೋಗುತ್ತದೆ. ಗಿಟಾರಿಗೆ ಏನೂ ಆಗಲ್ಲ.

ಐಸಿಯ ಉಳಿದ ಅರ್ಧ ಗಾಳಿಯಲ್ಲಿ ನೇತಾಡ್ತಿದ್ದರೆ ಪಿನ್ 6 ಮತ್ತು 7 ಸೇರಿಸು, ಪಿನ್ 5ನ್ನು ಅರ್ಧ ವೋಲ್ಟೇಜಿಗೆ ಕೊಡು.

ಸಿರಾಗೇಟ್ ಗಿಟಾರ್

ಹಾಕಿದೆ ಅಣ್ಣಾ. ರೇಡಿಯೋ ಹೋಯ್ತು, ಗಿಟಾರೂ ಹೋಯ್ತು. ಕಂಬಳಿ ಹೊದ್ದುಕೊಂಡು ಬಾರಿಸಿದ ಹಾಗಿದೆ.

ಚಿಂತಾಮಣಿ ಚಿಪ್

ಕೆಪಾಸಿಟರ್ ಮೇಲೆ ಏನು ಬರೆದಿದೆ ಓದು.

ಸಿರಾಗೇಟ್ ಗಿಟಾರ್

104.

ಚಿಂತಾಮಣಿ ಚಿಪ್

ಅದು 0.1 ಮೈಕ್ರೋ! ನಿನಗೆ ಬೇಕಾದ್ದು 101. ಸಾವಿರ ಪಟ್ಟು ವ್ಯತ್ಯಾಸ. 159 ಕಿಲೋಹರ್ಟ್ಸ್ ಇರಬೇಕಾದ್ದು 159 ಹರ್ಟ್ಸ್‌ಗೆ ಬಂದು ಕೂತಿದೆ. ಆ 104 ಬಿಸಾಕಬೇಡ, ಪಿನ್ 8 ಮತ್ತು 4ರ ನಡುವೆ ಹಾಕು, ಅದರ ಜಾಗ ಅಲ್ಲಿ.

ಸಿರಾಗೇಟ್ ಗಿಟಾರ್

ಈಗ ಸರಿ ಹೋಯ್ತು. ಸಣ್ಣ ಗುಂಯ್ ಉಳಿದಿದೆ. ಕರೆಂಟ್ ಹೋಗಿ ಮನೆಯ ಯುಪಿಎಸ್ ಶುರುವಾದರೆ ಅದೇ ಗುರ್ರ್ ಅಂತ ಕರ್ಕಶವಾಗುತ್ತದೆ. ಇನ್ನೊಂದು ಮಾತು, ಜರ್ಮೇನಿಯಂ ಡಯೋಡ್ ಹುಡುಕಬೇಕಾ? ಎಲ್ಲರೂ ಅದನ್ನೇ ಹೊಗಳುತ್ತಾರೆ.

ಹಳೇ ರೇಡಿಯೋ, ಕೋಲಾರ

ಯುಪಿಎಸ್ ಸ್ಕ್ವೇರ್ ವೇವ್‌ನದಾದರೆ ಹಾಗೇ, ಆಗ ಬಾರಿಸಬೇಡ. ಬೋರ್ಡಿನ ಕೆಳಗೆ ಒಂದು ಲೋಹದ ತಟ್ಟೆ ಇಟ್ಟು, ನಡುವೆ ಪೇಪರ್ ಹಾಸಿ, ತಟ್ಟೆಗೆ ಕ್ರೊಕೊಡೈಲ್ ಕ್ಲಿಪ್ಪಿನಲ್ಲಿ ಗ್ರೌಂಡ್ ಕೊಟ್ಟು ನೋಡು.

ಜರ್ಮೇನಿಯಂ ಈಗ ಬೇಡ. 0.3 ವೋಲ್ಟಿಗೇ ಅಲೆಯ ತಲೆ ಕತ್ತರಿಸುತ್ತದೆ, ಸದ್ದು ಸಣ್ಣದಾಗುತ್ತದೆ. ಅದರ ಬದಲು ಎರಡು ಕೆಂಪು ಎಲ್‌ಇಡಿ ಹಾಕು. ಸಿಲಿಕಾನ್ 0.6ರ ಹತ್ತಿರ ಕತ್ತರಿಸಿದರೆ ಇವು 1.7ರ ಹತ್ತಿರ. ಸದ್ದು ದೊಡ್ಡದು, ಕಡಿತ ಕಡಿಮೆ. ಜೋರಾಗಿ ಹೊಡೆದಾಗ ಮಿನುಗಿದರೂ ಮಿನುಗೀತು.

ಸಿರಾಗೇಟ್ ಗಿಟಾರ್

ಎಲ್‌ಇಡಿ ಹಾಕಿದೆ ಸರ್, ಇದೇ ಇಷ್ಟ ಆಯ್ತು, ಇದನ್ನೇ ಇಟ್ಟುಕೊಳ್ಳುತ್ತೇನೆ. ಅಡುಗೆಮನೆಯಿಂದ ತಟ್ಟೆ ಇಡ್ಲಿಯ ತಟ್ಟೆ ತಂದು ಬೋರ್ಡಿನ ಕೆಳಗೆ ಇಟ್ಟಿದ್ದೆ, ಗುಂಯ್ ಮುಕ್ಕಾಲು ಪಾಲು ಹೋಗಿತ್ತು. ಇವತ್ತು ಭಾನುವಾರ, ಅಮ್ಮ ತಟ್ಟೆ ವಾಪಸ್ ತೆಗೆದುಕೊಂಡು ಹೋದರು. ಈಗ ಹಳೇ ಬಿಸ್ಕತ್ ಡಬ್ಬದ ಮುಚ್ಚಳ ಇಟ್ಟಿದ್ದೇನೆ. ಬಣ್ಣ ಕೆರೆದ ಜಾಗಕ್ಕೆ ಕ್ಲಿಪ್ ಹಾಕಿದ ಮೇಲೆ ಅದೂ ಕೆಲಸ ಮಾಡ್ತಿದೆ.