36 ಪೋಸ್ಟರ್, ಹೆಚ್ಚಿನದರಲ್ಲಿ ಅದೇ ಮೋಡ. ಯಾವ ಆ್ಯಪ್ ಹಾಕಿಸಲಿ?

ಪ್ರಶ್ನೆ

ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡ್ತೀನಿ. ಜಲಚಕ್ರದ ಪಾಠ ಮುಗಿಸಿ, ಕ್ಯಾನ್ವಾ ಅನ್ನೋ ಡಿಸೈನ್ ಆ್ಯಪಿನಲ್ಲಿ ಪೋಸ್ಟರ್ ಮಾಡಿ ಅಂದೆ. "ನಿಮಗಿಷ್ಟ ಬಂದ ಹಾಗೆ" ಅಂತಾನೂ ಸೇರಿಸಿದೆ. 36 ಪೋಸ್ಟರ್ ಬಂತು. ಅರ್ಧಕ್ಕಿಂತ ಹೆಚ್ಚಿನದರಲ್ಲಿ ಅದೇ ನೀಲಿ ಹಿನ್ನೆಲೆ, ಅದೇ ನಗೋ ಮೋಡ. ಒಬ್ಬನದರಲ್ಲಂತೂ ಟೆಂಪ್ಲೇಟಿನ (ಆ್ಯಪಿನ ಸಿದ್ಧ ಮಾದರಿ) ಜೊತೆ ಬಂದಿದ್ದ "ಇಲ್ಲಿ ಶೀರ್ಷಿಕೆ ಬರೆಯಿರಿ" ಹಾಗೇ ಉಳಿದಿತ್ತು.

ನೋಡೋಕೆ ಎಲ್ಲಾ ಚೆಂದವೇ. ಆದ್ರೆ "ಮೇಲೆ ಹೋದ ಆವಿ ಮೋಡ ಯಾಕಾಗುತ್ತೆ?" ಅಂದ್ರೆ ಮಾಡಿದವರೇ ತಿರುಗಿ ಪೋಸ್ಟರ್ ನೋಡ್ತಾರೆ. ಇದೇ ಮಕ್ಕಳು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಎಂಥೆಂಥ ಚಿತ್ರ ಬಿಡಿಸಿರ್ತಾರೆ ಗೊತ್ತಾ! ನಮ್ಮಲ್ಲಿರೋದು 9 ಟ್ಯಾಬ್, ಇಂಟರ್ನೆಟ್ ಬಂದರೆ ಬಂತು. ಯಾವ ಆ್ಯಪ್ ಕೊಟ್ಟರೆ ಸ್ವಂತ ತಲೆ ಓಡಿಸ್ತಾರೆ?

ಉತ್ತರ 1

ಆ್ಯಪ್ ಬದಲಾಯಿಸಿದ್ರೆ ಮೋಡದ ಬಣ್ಣ ಬದಲಾಗುತ್ತೆ, ಅಷ್ಟೇ. ಪ್ರಶ್ನೆ ಬದಲಾಯಿಸಿ ನೋಡಿ. "ಈ ಚಕ್ರದಲ್ಲಿ ಒಂದು ಹನಿ ಎಲ್ಲಿ ಸಿಕ್ಕಿಹಾಕಿಕೊಂಡು ಸಾವಿರಾರು ವರ್ಷ ಕೂರಬಹುದು?" ಒಬ್ಬರು ಹಿಮನದಿ ಅಂತಾರೆ, ಇನ್ನೊಬ್ಬರು ಆಳದ ಅಂತರ್ಜಲ ಅಂತಾರೆ. ಇದಕ್ಕೆ ರೆಡಿಮೇಡ್ ಟೆಂಪ್ಲೇಟ್ ಸಿಗಲ್ಲ.

ಉತ್ತರ 2

ಮೇಡಂ, 36 ಮಕ್ಕಳಿಗೆ 9 ಟ್ಯಾಬ್ ಅಂದ್ರೆ ನಾಲ್ವರಿಗೊಂದು. ಸ್ಟಾಪ್ ಮೋಷನ್‌ಗೆ, ಅಂದ್ರೆ ಒಂದೊಂದೇ ಫೋಟೋ ತೆಗೆದು ಜೋಡಿಸಿ ಮಾಡೋ ಫಿಲ್ಮಿಗೆ, ಹೇಳಿ ಮಾಡಿಸಿದ ಲೆಕ್ಕ. ಒಬ್ಬರು ಜೇಡಿಮಣ್ಣಿನ ಹನಿಯನ್ನ ಚೂರೇ ಚೂರು ಸರಿಸೋದು, ಒಬ್ಬರು ಫೋಟೋ ತೆಗೆಯೋದು. ಸೆಕೆಂಡಿಗೆ 12 ಫೋಟೋ ಇಟ್ಟುಕೊಂಡ್ರೆ 10 ಸೆಕೆಂಡಿಗೆ 120. ನಮ್ಮ ಕ್ಲಾಸಿನ ಮಕ್ಕಳಿಗೆ ಬೇಸರ ಬರುತ್ತೆ ಅಂದ್ಕೊಂಡಿದ್ದೆ, ಬೆಲ್ ಹೊಡೆದರೂ ಏಳಲಿಲ್ಲ.

ಮೊದಲು ಕಾಗದದಲ್ಲಿ ಆರು ಚೌಕ ಹಾಕಿ ಕಥೆ ಬರೆಸಿ. ಅದು ಮುಗಿಯೋವರೆಗೆ ಟ್ಯಾಬ್ ಬೀರುವಿನಲ್ಲೇ ಇರಲಿ, ಈ ಒಂದು ವಿಷಯದಲ್ಲಿ ಕಟ್ಟುನಿಟ್ಟು. ನಮ್ಮಲ್ಲೊಂದು ಗುಂಪು, ಹನಿ ಆವಿಯಾಗೋ ಚೌಕಕ್ಕೆ ಬಂದು ನಿಂತುಬಿಡ್ತು. ಹನಿ ಇದ್ದ ಹಾಗೇ ಮೇಲೆ ಹಾರಬೇಕಾ? ಚಿಕ್ಕದಾಗಬೇಕಾ? ಹತ್ತು ನಿಮಿಷ ಜಗಳ. ಕೊನೆಗೆ ಒಬ್ಬಳು ಹನಿಯನ್ನ ಉಗುರಲ್ಲಿ ಚಿವುಟಿ ಚಿವುಟಿ, ಸಾಸಿವೆಯಷ್ಟು ಚೂರು ಮಾಡಿ ಮೇಲೆಲ್ಲಾ ಹರಡಿದಳು. ನಾನು ಬಾಯಿ ಬಿಟ್ಟಿರಲಿಲ್ಲ.

ಟ್ಯಾಬ್ ಅಲ್ಲಾಡಿದ್ರೆ ಎಲ್ಲಾ ಹಾಳು, ಪುಸ್ತಕದ ಅಟ್ಟಿಗೆ ಒರಗಿಸಿ ಟೇಪ್ ಹಾಕಿ. ಕಿಟಕಿ ಬೆಳಕಲ್ಲಿ ತೆಗೀಬೇಡಿ. ಹೊರಗೆ ನಿಜವಾದ ಮೋಡ ಬಂದು ನಮ್ಮ ಮೋಡ ಕತ್ತಲಾಯ್ತು.

ಉತ್ತರ 3

ಕಂಪ್ಯೂಟರ್ ಇದ್ರೆ ಸ್ಕ್ರ್ಯಾಚ್ ಕೂಡ ನೋಡಿ, ಮಕ್ಕಳು ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡೋ ಸಾಫ್ಟ್‌ವೇರ್. ಎಂಐಟಿ ಮೀಡಿಯಾ ಲ್ಯಾಬಿನವರು 2007ರಲ್ಲಿ ಎಲ್ಲರಿಗೂ ಬಿಟ್ಟಿದ್ದು, ಉಚಿತ. ಒಮ್ಮೆ ಇಳಿಸಿಕೊಂಡ್ರೆ ಇಂಟರ್ನೆಟ್ ಬೇಡ. "ಉಷ್ಣತೆ" ಅಂತ ಒಂದು ವೇರಿಯಬಲ್ (ಏರಿಸಿ ಇಳಿಸಬಹುದಾದ ಸಂಖ್ಯೆ) ಮಾಡಿಸಿ, ಏರಿಸಿದ್ರೆ ಹನಿ ಮೇಲೆ, ಇಳಿಸಿದ್ರೆ ಕೆಳಗೆ. ಆದ್ರೆ ಅದರಲ್ಲೂ ರೆಡಿ ಚಿತ್ರಗಳ ರಾಶಿ ಇದೆ. ಅದನ್ನ ಮುಟ್ಟಬೇಡಿ, ನೀವೇ ಬಿಡಿಸಿ ಅಂತ ಮೊದಲೇ ಹೇಳದಿದ್ರೆ ಮತ್ತೆ ನಗೋ ಮೋಡವೇ!

ಪ್ರಶ್ನೆ ಕೇಳಿದವರು

ಎರಡು ವಾರ ಆಯ್ತು, ವರದಿ ಒಪ್ಪಿಸ್ತಿದ್ದೀನಿ. ಆರು ಚೌಕ, ಮಣ್ಣು, ಟೇಪ್ ಎಲ್ಲಾ ಮಾಡಿದೆ. ಒಂಬತ್ತರಲ್ಲಿ ಐದು ಗುಂಪು ಮುಗಿಸಿವೆ. ಒಂದರದ್ದು ಬರೀ 4 ಸೆಕೆಂಡ್, ಅದರಲ್ಲೂ ಒಂದು ಹೆಬ್ಬೆರಳು ನಟಿಸಿದೆ. ಅಂಕ ಫಿಲ್ಮಿಗಲ್ಲ, ಚೌಕದ ಕಾಗದಕ್ಕೆ ಕೊಟ್ಟೆ. ಹೊಡೆದುಹಾಕಿ ತಿದ್ದಿದ್ದು ಅದರಲ್ಲೇ ಕಾಣೋದು.

ಆವಿ ತಣ್ಣಗಾಗಿ ಹನಿ ಕಟ್ಟೋಕೆ ಧೂಳಿನ ಕಣ ಬೇಕು ಅಂತ ಪಾಠದಲ್ಲಿ ಹೇಳಿದ್ದೆ. ಪೋಸ್ಟರಿನಲ್ಲಿ ಒಬ್ಬರೂ ಅದನ್ನ ಹಾಕಿರಲಿಲ್ಲ. ಈ ಸಲ ಆ "ಶೀರ್ಷಿಕೆ ಬರೆಯಿರಿ" ಹುಡುಗನೇ ಡಸ್ಟರ್ ತಂದು ಮೋಡದ ಜಾಗದಲ್ಲಿ ಕುಟ್ಟಿದ. ಸೀಮೆಸುಣ್ಣದ ಪುಡಿ ಮೇಲೆ ಮಣ್ಣಿನ ಚೂರು ಒಂದೊಂದೇ ಅಂಟಿಸ್ತಾ, "ಮಿಸ್, ಮಳೆ ಬಿದ್ಮೇಲೆ ಈ ಧೂಳನ್ನೂ ಕೆಳಗೆ ಇಳಿಸಬೇಕಾ?" ಅಂತ ಕೇಳಿದ.