ಲೋನ್ ಆ್ಯಪ್‌ನವರು ನೆಂಟರಿಗೆಲ್ಲ ಮೆಸೇಜ್ ಹಾಕುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ನನ್ನ ತಮ್ಮ ಒಂದು ಲೋನ್ ಆ್ಯಪ್‌ನಲ್ಲಿ 8,000 ರೂಪಾಯಿ ಸಾಲ ತೆಗೆದಿದ್ದ. ಕೈಗೆ ಬಂದದ್ದು 5,200. ವಾರಕ್ಕೇ ಪೂರ್ತಿ ಕಟ್ಟು ಅಂದರು, ಸ್ವಲ್ಪ ತಡವಾಯಿತು. ಈಗ ಚಿಕ್ಕಪ್ಪ, ನನ್ನ ಅತ್ತೆ, ಅವನ ಆಫೀಸಿನ ಮ್ಯಾನೇಜರ್ ಎಲ್ಲರಿಗೂ ಅವನ ಫೋಟೋ ಕೆಳಗೆ 'ಕಳ್ಳ' ಅಂತ ಬರೆದು ವಾಟ್ಸಾಪ್ ಮಾಡಿದ್ದಾರೆ. ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ತಮ್ಮ ಊಟ ಬಿಟ್ಟು ರೂಮಿನಲ್ಲೇ ಇದ್ದಾನೆ. ದುಡ್ಡು ಕಟ್ಟಿಬಿಟ್ಟರೆ ನಿಲ್ಲುತ್ತಾ?

ಉತ್ತರ (ವಕೀಲೆ): ಮೊದಲು ತಮ್ಮನನ್ನು ಒಬ್ಬನೇ ಬಿಡಬೇಡಿ. ಇಂಥ ಕಿರುಕುಳಕ್ಕೆ ಜೀವ ಕಳೆದುಕೊಂಡವರಿದ್ದಾರೆ. 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಹೆದರಿ ಕಟ್ಟಿದರೆ ಇವರು ನಿಲ್ಲಿಸುತ್ತಾರೆ ಅನ್ನುವ ಭರವಸೆ ಇಲ್ಲ. 'ಇನ್ನೂ ಬಾಕಿ ಇದೆ' ಅಂತ ಮತ್ತೆ ಬರುತ್ತಾರೆ, ಇಲ್ಲಾ ಇನ್ನೊಂದು ಆ್ಯಪ್‌ನಲ್ಲಿ ಸಾಲ ಮಾಡಿ ತೀರಿಸು ಅನ್ನುತ್ತಾರೆ. ಇವರಿಗೆ ಚಿನ್ನ ಬೇಡ, ಜಾಮೀನು ಬೇಡ. ಇನ್‌ಸ್ಟಾಲ್ ಮಾಡುವಾಗ ಕಾಂಟ್ಯಾಕ್ಟ್ಸ್‌ಗೆ, ಗ್ಯಾಲರಿಗೆ 'ಅಲೋ' ಒತ್ತಿಸಿಕೊಂಡರೆ ಸಾಕು. ಅಡವು ಬಿದ್ದದ್ದು ನಿಮ್ಮ ಸಂಬಂಧಗಳು. ಮರ್ಯಾದೆಗೆ ಅಂಜುವ ಮನೆಗಳೇ ಇವರ ಬಂಡವಾಳ. ನಿಮ್ಮ ಅತ್ತೆ ಯಾವ ಆ್ಯಪ್‌ಗೂ ಒಪ್ಪಿಗೆ ಕೊಟ್ಟವರಲ್ಲ, ಅಲ್ವಾ? ಆದರೂ ಅವರ ನಂಬರು ಮಾರಾಟದ ಸರಕಾಯಿತು. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ ಮುಟ್ಟುವಂತಿಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮನೆಯವರನ್ನು, ಸ್ನೇಹಿತರನ್ನು ಎಳೆದು ತರುವಂತೆಯೂ ಇಲ್ಲ. ಗೂಗಲ್ ಪ್ಲೇ ಕೂಡ 2023ರ ಮೇ 31ರಿಂದ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್, ಫೋಟೋ ನಿಷೇಧಿಸಿದೆ. ಅದಕ್ಕೇ ಎಷ್ಟೋ ಖದೀಮರು ಲಿಂಕ್ ಕಳಿಸಿ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕುವ ಆ್ಯಪ್ ಫೈಲ್) ಹಾಕಿಸುತ್ತಾರೆ.

ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ. ಹೆದರಿಸಿ ದುಡ್ಡು ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಕೆಳಗೆ ಸುಲಿಗೆ.

ಕಾಮೆಂಟ್: ಆ್ಯಪ್ ಡಿಲೀಟ್ ಮಾಡಿದರೆ ಸಾಕಲ್ವಾ ಮೇಡಂ?

ಉತ್ತರ: ಸಾಲದು. ನಂಬರುಗಳು ಆಗಲೇ ಅವರ ಸರ್ವರ್ ಸೇರಿರುತ್ತವೆ. ಡಿಲೀಟ್ ಮಾಡುವ ಮುಂಚೆ ಸಾಲದ ವಿವರ, ಯುಪಿಐ ಐಡಿ, ಫೋನ್ ನಂಬರು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾಮೆಂಟ್: ಸಾಲ ತಗೊಂಡ ಮೇಲೆ ಕಟ್ಟಲೇಬೇಕಲ್ಲ?

ಉತ್ತರ: ಆ್ಯಪ್ ಹಿಂದೆ ನೋಂದಾಯಿತ ಬ್ಯಾಂಕೋ ಎನ್‌ಬಿಎಫ್‌ಸಿಯೋ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಇದ್ದರೆ ಖಂಡಿತ ಕಟ್ಟಬೇಕು, ಅವರ ಖಾತೆಗೇ ನೇರವಾಗಿ. ಯಾರದೋ ಹೆಸರಿನ ಯುಪಿಐಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ನೆಂಟರಿಗೆ ಏನು ಹೇಳಲಿ?

ಉತ್ತರ: ಸುಮ್ನೆ ಇರಬೇಡಿ, ನೀವೇ ಮೊದಲು ಹೇಳಿ. ಹೀಗೆ ಕಳಿಸಿ: 'ತಮ್ಮನ ಫೋನಿನಿಂದ ನಿಮ್ಮ ನಂಬರು ಕದ್ದು ವಂಚಕರು ಮೆಸೇಜ್ ಮಾಡುತ್ತಿದ್ದಾರೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಉತ್ತರ ಕೊಡಬೇಡಿ, ದುಡ್ಡು ಹಾಕಬೇಡಿ, ಮೆಸೇಜ್ ಅಳಿಸದೆ ನಮಗೆ ಕಳಿಸಿ.' ಅತ್ತೆಗೆ ಮಾತ್ರ ಎದುರು ಕೂತೇ ಹೇಳಿ. ಸಾಲದ ವಿಷಯವನ್ನೂ ಮುಚ್ಚಿಡಬೇಡಿ. ಅವರಿಗೆ ಬಂದ ಮೆಸೇಜೂ ದೂರಿಗೆ ಬೇಕು.