‘ಇತ್ತೀಚಿನ ಕಡತಗಳು’: ಇತ್ತೀಚಿನದು ಯಾವುದು?

ಗೆಳೆಯರೇ,

ಮೊಬೈಲು, ಕಂಪ್ಯೂಟರಿನಲ್ಲಿ ‘ರೀಸೆಂಟ್’ ಅಂತ ಬರುವ ಪಟ್ಟಿಗೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಇತ್ತೀಚಿನ’ ಅಂತ ಹಾಕುತ್ತಾರೆ. ನನಗೆ ಇದು ಸರಿ ಕಾಣುತ್ತಿಲ್ಲ. ಇತ್ತೀಚಿನ ಹಾಡು ಅಂದರೆ ಹೊಸದಾಗಿ ಬಂದ ಹಾಡು ಅಲ್ವಾ? ನಿನ್ನೆ ರಾತ್ರಿ ಪಿ.ಬಿ. ಶ್ರೀನಿವಾಸ್ ಅವರ ಹಳೇ ಹಾಡೊಂದನ್ನು ಕೇಳಿದ್ದರೆ, ಇವತ್ತು ಅದೇ ‘ಇತ್ತೀಚಿನ ಹಾಡುಗಳು’ ಪಟ್ಟಿಯಲ್ಲಿ ಮೊದಲು ಕೂತಿರುತ್ತದೆ. ಹೊಸದು ಹಾಡಲ್ಲ, ನಾವು ಕೇಳಿದ್ದು.

ವಿಕಿಪೀಡಿಯದಲ್ಲಿ ಯಾವ ಪುಟ ಯಾರು ತಿದ್ದಿದರು ಅಂತ ತೋರಿಸುವ ಪಟ್ಟಿಗೆ ಈ ತಕರಾರಿಲ್ಲ. ಅಲ್ಲಿ ಬದಲಾವಣೆಯೇ ಇತ್ತೀಚಿನದು.

ಹೆಸರಿನ ಗೊಂದಲ ಇಂಗ್ಲಿಷಿನಲ್ಲೂ ಇತ್ತು. ವಿಂಡೋಸ್ 95ರ ಸ್ಟಾರ್ಟ್ ಮೆನುವಿನಲ್ಲಿ ಈ ಪಟ್ಟಿಯ ಹೆಸರು ಬರೀ ‘ಡಾಕ್ಯುಮೆಂಟ್ಸ್’. ಅದರಲ್ಲಿ ಇರುತ್ತಿದ್ದದ್ದು ಕೊನೆಗೆ ತೆರೆದ 15 ಕಡತ ಮಾತ್ರ. ಇನ್ನೊಂದು ತೆರೆದರೆ ಹಳೆಯದೊಂದು ಉದುರುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ‘ಮೈ ರೀಸೆಂಟ್ ಡಾಕ್ಯುಮೆಂಟ್ಸ್’ ಆಯಿತು.

ಹೆಸರು ಹೇಗಿದ್ದರೇನು, ಕೆಲಸ ಆದರೆ ಸಾಕು ಅನ್ನಬಹುದು. ಆದರೆ ಈ ಪಟ್ಟಿ ನಮ್ಮ ಕೈಗೆ ಚಟ ಹತ್ತಿಸಿದೆ. ಕಡತ ಯಾವ ಫೋಲ್ಡರಿನಲ್ಲಿದೆ ಅಂತ ಈಗ ಯಾರಿಗೂ ನೆನಪಿರುವುದಿಲ್ಲ. ಪಟ್ಟಿಯಿಂದ ಉದುರಿದರೆ ‘ಫೈಲ್ ಡಿಲೀಟ್ ಆಗಿದೆ’ ಅಂತ ಗಾಬರಿ. ಡಿಟಿಪಿ ಅಂಗಡಿಯಲ್ಲಿ ನೋಡಿ. ಹೊಸ ಲಗ್ನಪತ್ರಿಕೆ ಬಂತು ಅಂದರೆ ಪಟ್ಟಿಯಲ್ಲಿ ಮೇಲಿರುವ ನಿನ್ನೆಯ ಪತ್ರಿಕೆಯನ್ನೇ ತೆರೆಯುತ್ತಾರೆ. ವಧೂವರರ ಹೆಸರು, ಮುಹೂರ್ತ, ಛತ್ರ ಎಲ್ಲ ಬದಲಿಸಿ, ಕೈ ಅಭ್ಯಾಸಕ್ಕೆ ಕಂಟ್ರೋಲ್ ಎಸ್ ಒತ್ತಿ ಹಳೆಯದರ ಮೇಲೆಯೇ ಸೇವ್ ಮಾಡುತ್ತಾರೆ. ನಿನ್ನೆಯ ಗಿರಾಕಿ ‘ಇನ್ನೂ ನೂರು ಪ್ರತಿ ಬೇಕು’ ಅಂತ ಬಂದಾಗ ಅವರ ಪತ್ರಿಕೆ ಇರುವುದೇ ಇಲ್ಲ. ಕೆಲವೊಮ್ಮೆ ‘ಸುಖಾಗಮನ ಬಯಸುವವರು’ ಸಾಲಿನಲ್ಲಿ ಹಳೇ ಮನೆಯವರ ಸೋದರಮಾವ ಹಾಗೇ ಉಳಿದುಬಿಟ್ಟಿರುತ್ತಾರೆ!

ಹಾಗಾಗಿ ನಾನು ಏನು ಮಾಡಿದೆನೋ ಅದನ್ನೇ ಹೇಳುವ ಪದ ಇರಲಿ ಅನ್ನಿಸುತ್ತದೆ. ‘ಈಚೆಗೆ ತೆರೆದವು’, ‘ಈಚೆಗೆ ಕೇಳಿದವು’. ‘ಇತ್ತೀಚೆಗೆ’ಗಿಂತ ಗಿಡ್ಡ, ಬಟನ್ನಿನಲ್ಲೂ ಹಿಡಿಯುತ್ತದೆ. ‘ಕೊನೆಯ ಕಡತಗಳು’ ಅನ್ನುವ ಸಲಹೆಯೂ ಬಂದೀತು. ನನಗೆ ಒಪ್ಪಿಗೆಯಿಲ್ಲ, ಅದು ಪಟ್ಟಿಯ ಬುಡದಲ್ಲಿರುವವು ಅಂತಲೂ ಆಗುತ್ತದೆ.

‘ರೀಸೆಂಟ್ ಆಕ್ಟಿವಿಟಿ’ಗೆ ಮಾತ್ರ ನನಗೇನೂ ಹೊಳೆದಿಲ್ಲ. ಹಂಚಿಕೊಂಡ ಕಡತವಾದರೆ ನಾನು ತೆರೆದದ್ದು, ಬೇರೆಯವರು ತಿದ್ದಿದ್ದು ಎಲ್ಲ ಒಂದೇ ಕಡೆ ಬರುತ್ತದೆ. ‘ಚಟುವಟಿಕೆ’ ಅಂದರೆ ಶಾಲೆಯ ಕ್ರಾಫ್ಟ್ ಪೀರಿಯಡ್ಡು ನೆನಪಾಗುತ್ತದೆ. ನಿಮ್ಮ ಕಡೆ ಇದಕ್ಕೆ ಏನಂತೀರಿ?